ಕಡಿದ ಎಳೆಗೊಂಬು

ನವೆಂಬರ್ ಹದಿನೆಂಟರ ಬೆಳಿಗ್ಗೆ ಕಮಲಾಪುರ ಠಾಣೆಗೆ ದೂರು ತಂದವನ ಹೆಸರು ಅಭಯ. ಹೊಸಪೇಟೆಯವನು, ವಯಸ್ಸು ಇಪ್ಪತ್ತೊಂಬತ್ತು, ಜಿಂಕೆಯ ಕೊಂಬು ಮತ್ತೆ ಮತ್ತೆ ಹೇಗೆ ಬೆಳೆಯುತ್ತದೆ ಎಂಬುದರ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದ. ಕಂಪ್ಲಿ ರಸ್ತೆಯಲ್ಲಿರುವ ಖಾಸಗಿ ಪ್ರಾಣಿ ಆರೈಕೆ ಕೇಂದ್ರದಲ್ಲಿ ಅವನ ಸಂಶೋಧನೆಗೆಂದು ಒಂದು ಗಂಡು ಚುಕ್ಕೆ ಜಿಂಕೆಯನ್ನು ಬೇರೆ ಆವರಣದಲ್ಲಿ ಬಿಟ್ಟಿದ್ದರು. ಹಿಂದಿನ ಸಂಜೆ ಯಾರೋ ಅದರ ಎರಡೂ ಕೊಂಬುಗಳನ್ನು ಕಡಿದು ಒಯ್ದಿದ್ದರು.

ಇನ್ಸ್‌ಪೆಕ್ಟರ್ ಭುವನೇಶ್ವರಿ ದೂರು ಓದಿ ಮುಗಿಸಿ ತಲೆ ಎತ್ತಿದರು.

"ಜಿಂಕೆ ಬದುಕೈತೇನ್ರಿ?"

"ಇಲ್ಲ ಮೇಡಂ, ಹೋಯ್ತು. ನನ್ನ ಮೂರು ವರ್ಷದ ಡೇಟಾನೂ ಅದರ ಜೊತೆಗೇ ಹೋಯ್ತು."

ಎರಡನೆಯ ಮಾತನ್ನು ಅವನು ಹೇಳಿದ ರೀತಿ ಭುವನೇಶ್ವರಿಗೆ ಹಿಡಿಸಲಿಲ್ಲ. ಆದರೆ ದೂರುದಾರನ ಧಾಟಿಗೆ ಕೇಸು ಹಾಕಲಾಗುವುದಿಲ್ಲ. ಕಳ್ಳತನ ಮತ್ತು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಎಫ್‌ಐಆರ್ ದಾಖಲಿಸಿ, ವಲಯ ಅರಣ್ಯಾಧಿಕಾರಿಗೆ ಫೋನು ಮಾಡಿ, ಕಾನ್‌ಸ್ಟೇಬಲ್ ಲಿಂಗರಾಜ್‌ನನ್ನು ಕರೆದುಕೊಂಡು ಜೀಪು ಹತ್ತಿದರು.

ಸಂಡೂರಿನವರಾದ ಭುವನೇಶ್ವರಿ ಹೆಣಗಳನ್ನು ಬೇಕಾದಷ್ಟು ನೋಡಿದ್ದರು. ಅದಿರು ಲಾರಿಗೆ ಸಿಕ್ಕವರು, ಕ್ವಾರಿಯಲ್ಲಿ ಬಿದ್ದವರು, ಹೊಳೆಯಲ್ಲಿ ತೇಲಿಬಂದವರು. ಆದರೂ ತಂತಿಬೇಲಿಯ ಮೂಲೆಯಲ್ಲಿ ಬಿದ್ದಿದ್ದ ಆ ಪ್ರಾಣಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತವರು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. ನೆಲವೆಲ್ಲ ನೆತ್ತರು. ಕಾಲು ಝಾಡಿಸಿ ಝಾಡಿಸಿ ಮಣ್ಣಿನಲ್ಲಿ ಕುಳಿ ಬಿದ್ದಿತ್ತು.

"ಬಲಿತ ಕೊಂಬು ಕಡಿದಿದ್ರೆ ಉಗುರು ಕತ್ತರಿಸಿದ ಹಂಗ ಮೇಡಂ, ನೋವೇ ಇರ್ತಿರಲಿಲ್ಲ" ಎಂದರು ಕೇಂದ್ರದ ಪಶುವೈದ್ಯರು. "ಇದು ಎಳೆಗೊಂಬು. ಮೇಲೆ ಮಖಮಲ್ಲಿನಂಥ ತೊಗಲು, ಒಳಗ ರಕ್ತನಾಳ, ನರ ಎಲ್ಲಾ ಇರ್ತಾವ. ಎಚ್ಚರ ಇದ್ದಾಗ್ಲೇ ಕಡಿದಾರ. ರಕ್ತ ಸೋರಿ ಜೀವ ಹೋಗಾಕ ರಾತ್ರಿ ಬಾಳ ಹೊತ್ತು ಹಿಡದೈತಿ."

"ಕೈಗೆ ಸಿಗಲಿ ಭಾಡ್ಯಾ" ಎಂದು ಭುವನೇಶ್ವರಿ ಹಲ್ಲು ಕಚ್ಚಿದರು.

ಪಂಚರ ಸಮ್ಮುಖದಲ್ಲಿ ಸ್ಥಳ ಪಂಚನಾಮೆ ನಡೆಯಿತು. ಬೇಲಿ ಎಲ್ಲೂ ಹರಿದಿರಲಿಲ್ಲ. ಗೇಟಿನ ಬೀಗವನ್ನು ಒಡೆದಿರಲಿಲ್ಲ, ಕೀಲಿಯಿಂದಲೇ ತೆಗೆದಿದ್ದರು. ಜಿಂಕೆಯ ಬಾಯಿಯ ಹತ್ತಿರ ಕಪ್ಪು ಬೆಲ್ಲದ ಪುಡಿ ಸಿಕ್ಕಿತು. ಅಂಗಡಿಯ ಹಳದಿ ಬೆಲ್ಲವಲ್ಲ, ಆಲೆಮನೆಯಿಂದ ಆಗಷ್ಟೇ ಬಂದ ಮೆತ್ತನೆಯ ಬೆಲ್ಲ. ಬಂದವನು ಜಿಂಕೆಗೆ ಹೊಸಬನಲ್ಲ. ಕರೆದಿದ್ದಾನೆ, ಬೆಲ್ಲ ತಿನ್ನಿಸಿದ್ದಾನೆ, ಆಮೇಲೆ ಕಡಿದಿದ್ದಾನೆ. ಅದನ್ನು ಯೋಚಿಸಿದಷ್ಟೂ ಅವರ ಸಿಟ್ಟು ಹೆಚ್ಚಿತು.

"ಕೀಲಿ ಯಾರ ಹತ್ತಿರ ಇರ್ತದ?" ಅಭಯನನ್ನು ಕೇಳಿದರು.

"ಒಂದು ನನ್ನ ಹತ್ತಿರ, ಒಂದು ವಾಚ್‌ಮನ್ ಹತ್ತಿರ."

"ಈ ಕೊಂಬು ತಗೊಂಡು ಯಾರು ಏನ್ ಮಾಡ್ತಾರ?"

ಆ ಪ್ರಶ್ನೆಗೆ ಅವನು ಉತ್ಸಾಹದಿಂದಲೇ ಉತ್ತರಿಸಿದ. ಸಸ್ತನಿಗಳಲ್ಲಿ, ಅಂದರೆ ಮೊಲೆಯೂಡುವ ಪ್ರಾಣಿಗಳಲ್ಲೆಲ್ಲ, ಇಡೀ ಒಂದು ಅಂಗವನ್ನು ವರ್ಷವರ್ಷವೂ ಕಳಚಿ ಮತ್ತೆ ಬೆಳೆಸಿಕೊಳ್ಳುವುದು ಜಿಂಕೆಯ ಜಾತಿ ಮಾತ್ರ. ಅದಕ್ಕೆ ಕಾರಣ ಕೊಂಬಿನ ಬುಡದಲ್ಲಿರುವ ಸ್ಟೆಮ್ ಸೆಲ್‌ಗಳು. ಅವನ್ನು ಇಲಿಯ ತಲೆಗೆ ಸೇರಿಸಿದರೆ ಅಲ್ಲೂ ಎಲುಬು ಮೂಡುತ್ತದೆ. ಮನುಷ್ಯರಿಗೆ ಉಪಯೋಗವಾಗಲು ಇನ್ನೂ ಹತ್ತಿಪ್ಪತ್ತು ವರ್ಷ ಬೇಕು, ಆಗುತ್ತದೋ ಇಲ್ಲವೋ ಅದೂ ಗೊತ್ತಿಲ್ಲ.

ವಾಚ್‌ಮನ್ ಎರ್ರಿಯಪ್ಪ ಹಿಂದಿನ ಸಂಜೆ ಗೇಟು ಬಿಟ್ಟು ಚಹಾದ ಅಂಗಡಿಗೆ ಹೋಗಿದ್ದನ್ನು ಮೊದಲೇ ಒಪ್ಪಿಕೊಂಡ. ಬೆಲ್ಲದ ಪುಡಿ ತೋರಿಸಿದಾಗ ಅವನ ಮುಖ ಬಾಡಿತು.

"ಎಮ್ಮಿಗನೂರಿಂದ ಜಿಂಕಿ ಮೇವಿಗೆ ಕಬ್ಬಿನ ಸೋಗಿ ತರ್ತಾನಲ್ರಿ ಮಾರೇಶ, ಅವ ದಿನಾ ಬೆಲ್ಲ ತಿನ್ನಸ್ತಿದ್ದ."

"ಅವನಿಗೆ ಗೇಟ್ ಯಾರು ತೆಗೀತಿದ್ರು?"

"ಅವನ ಹತ್ರಾನ ಕೀಲಿ ಐತಲ್ರೀ. ಅಭಯ ಸಾರೇ ಮಾಡಿಸಿ ಕೊಟ್ಟಾರ. ಸೂಜಿ ಚುಚ್ಚಾಗ ಜಿಂಕಿ ಹಿಡ್ಕೊಳ್ಳಾಕ ಅವನ್ನೇ ಕರೀತಿದ್ರು."

ಲಿಂಗರಾಜ್ ಇನ್ಸ್‌ಪೆಕ್ಟರರ ಮುಖ ನೋಡಿದ. ಮೂರನೆಯ ಕೀಲಿಯ ವಿಷಯ ಅಭಯ ಹೇಳಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅವರು ಎಮ್ಮಿಗನೂರು ತಲುಪಿದರು. ಗದ್ದೆಗಳ ನಡುವಿನ ಆಲೆಮನೆಯಲ್ಲಿ ಕೊಪ್ಪರಿಗೆ ಕುದಿಯುತ್ತಿತ್ತು. ಮಾರೇಶನ ಹೆಂಡತಿ ಶಿಲ್ಪಶ್ರೀ ಬೆಲ್ಲದ ಅಚ್ಚುಗಳನ್ನು ತೊಳೆಯುತ್ತಿದ್ದಳು. ಇಪ್ಪತ್ತಮೂರರ ಹುಡುಗಿ. ಬಲಗೈ ಮಣಿಕಟ್ಟಿನಿಂದ ಆಚೆಗೆ ಇರಲಿಲ್ಲ. ಅಚ್ಚನ್ನು ಮೊಣಕಾಲುಗಳ ನಡುವೆ ಅವುಚಿ ಹಿಡಿದು ಎಡಗೈಯಿಂದ ಉಜ್ಜುತ್ತಿದ್ದಳು.

"ನಿನ್ನ ಗಂಡ ಎಲ್ಲಿ?"

"ಓಡಿಹೋಗ್ಯಾನ್ರಿ." ಅವಳು ಎದ್ದು ಒಳಗೆ ಹೋಗಿ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತಂದು ಅವರ ಕಾಲ ಬಳಿ ಕುಕ್ಕಿದಳು. "ಇದಕ್ಕಲ್ರಿ ಬಂದಿದ್ದು? ತಗೊಂಡ್ ಹೋಗ್ರಿ. ವಾಸನಿಗೆ ನಾಯಿ ಬರಾಕತ್ಯಾವ."

ಡಬ್ಬಿಯಲ್ಲಿ ಕರಗಿದ ಐಸಿನ ನೀರು. ನೀರಿನಲ್ಲಿ ಎರಡು ಎಳೆಗೊಂಬುಗಳು.

"ಯಾಕ ಕಡಿದ?"

"ನನಗ ಕೈ ಬೆಳಸ್ತಾನಂತ್ರಿ!" ಅವಳ ದನಿ ಏರಿತು. "ಕಬ್ಬು ಹಚ್ಚಾಗ ಗಾಣಕ್ಕ ಸಿಕ್ಕು ಕೈ ಹೋತು. ಹೋತು, ಹೋತಷ್ಟ. ನಾ ಕೈ ಕೇಳಿದ್ನೇನ್ರಿ ಇವನಿಗೆ? ಆ ಸಾರು ಇಲಿ ವಿಡಿಯೋ ತೋರಿಸಿದ್ರಂತ. ಒಂದಿನ ಇಲ್ಲಿಗೇ ಬಂದು ನನ್ನ ಮೊಂಡುಗೈ ಫೋಟೋ ಹೊಡ್ಕೊಂಡ್ ಹೋದ್ರು. ಅವತ್ತಿಂದ ಇವನ ತಲಿ ಕೆಟ್ಟೋತು."

"ಕೊಂಬು ತಂದ ಮ್ಯಾಲೆ ಏನ್ ಮಾಡಿದ?"

"ಸಾರಿಗೆ ಫೋನ್ ಮಾಡಿದ್ರಿ. ಕೊಂಬು ತಂದೀನಿ, ಹೆಂಡ್ತೀನ ಕರ್ಕೊಂಡು ಎಲ್ಲಿಗೆ ಬರ್ಲಿ ಅಂದ. ಆ ಕಡಿಯಿಂದ ಏನಂದ್ರೋ, ಇವನ ಮೈಯೆಲ್ಲಾ ನಡುಗಾಕ ಹತ್ತಿತು. ಬೆಳಕು ಹರಿಯೋದ್ರೊಳಗ ಊರು ಬಿಟ್ಟ."

ಭುವನೇಶ್ವರಿ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ದೂರು ಕೊಡುವ ಮೊದಲೇ ಅಭಯನಿಗೆ ಕಳ್ಳ ಯಾರೆಂದು ಗೊತ್ತಿತ್ತು.

ಕೊಂಬುಗಳನ್ನು ಜಪ್ತಿ ಮಾಡಿ ಸೀಲು ಹಾಕಿದರು. ಸಂಜೆಗೆ ಕರೆ ವಿವರ ಬಂತು. ಹದಿನೇಳರ ಸಂಜೆ ಮಾರೇಶನ ನಂಬರಿನಿಂದ ಅಭಯನಿಗೆ ಕರೆ ಹೋಗಿದ್ದು ನಿಜ. ಅಭಯನನ್ನು ಠಾಣೆಗೆ ಕರೆಸಿದರು.

"ಕುಂದ್ರಿ. ಕೀಲಿ ಎಷ್ಟು?"

"ಎರಡು ಅಂದೆನಲ್ಲ ಮೇಡಂ."

"ಮೂರನೇದು ಮಾರೇಶಗ ಯಾಕ ಕೊಟ್ರಿ?"

ಅಭಯ ಒಂದೊಂದೇ ಬಾಯಿಬಿಟ್ಟ. ವೈದ್ಯರಿಲ್ಲದೆ ಜಿಂಕೆಯನ್ನು ಮುಟ್ಟುವಂತಿಲ್ಲ ಎಂದು ಪರವಾನಗಿಯಲ್ಲಿತ್ತು. ವೈದ್ಯರು ವಾರಕ್ಕೊಮ್ಮೆ ಬರುತ್ತಿದ್ದರು, ಅವನಿಗೆ ಅವಸರವಿತ್ತು. ಮಾರೇಶ ಕರೆದಾಗ ಬರುತ್ತಿದ್ದ, ಕೂಲಿ ಕೇಳುತ್ತಿರಲಿಲ್ಲ.

"ಯಾಕ ಕೇಳ್ತಿರಲಿಲ್ಲ?"

ಅಭಯ ಅಂಗಿಯ ಗುಂಡಿ ತಿರುವತೊಡಗಿದ.

"ಅವನ ಹೆಂಡತಿ ಕೈ ಬೆಳೀತದ ಅಂದಿದ್ರೇನು?"

"ದಿನಾ ಕೇಳ್ತಿದ್ದ ಮೇಡಂ, ಸಾಕಾಗಿ ಹೋಗಿತ್ತು. ಬೆಳೀತದ ಮಾರಾಯಾ, ಮೊದಲು ಇದರ ಕೊಂಬು ಬೆಳೀಲಿ ಅಂದೆ. ತಮಾಷೆಗೆ ಅಂದಿದ್ದು."

"ಫೋಟೋ?"

"ಸೆಮಿನಾರಿಗೆ. ಮುಂದೆ ಇಂಥವರಿಗೆ ಅನುಕೂಲ ಆಗ್ತದೆ ಅಂತ ಕೊನೇ ಸ್ಲೈಡ್‌ನಲ್ಲಿ ಹಾಕಿದ್ದೆ."

"ಫೋನಿನಲ್ಲಿ ಅವನಿಗೆ ಏನ್ ಹೇಳಿದ್ರಿ?"

"ಹುಚ್ಚಾ, ಓಡಿಹೋಗು, ನನ್ನ ಹೆಸರು ಎತ್ತಬೇಡ ಅಂದೆ."

"ಜಿಂಕೆಗೆ ಇನ್ನೂ ಉಸಿರಿತ್ತು ಆಗ. ಡಾಕ್ಟರಿಗೆ ಒಂದು ಫೋನ್ ಮಾಡಲಿಲ್ಲ ನೀವು."

ಅವನು ತಲೆ ತಗ್ಗಿಸಿದ. ಭುವನೇಶ್ವರಿ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು. ಕೈ ಬಿಟ್ಟರೆ ಅದು ಅವನ ಕೆನ್ನೆಗೆ ಹೋಗುತ್ತಿತ್ತು. ಅಪರಾಧಿಗೆ ತಪ್ಪಿಸಿಕೊಳ್ಳಲು ನೆರವಾಗಿದ್ದು, ಸುಳ್ಳು ಮಾಹಿತಿ, ಪರವಾನಗಿ ಉಲ್ಲಂಘನೆ, ಇವಕ್ಕೆಲ್ಲ ಕಲಮುಗಳಿದ್ದವು. ಎರಡನೇ ಆರೋಪಿಯಾಗಿ ಅವನ ಹೆಸರು ಸೇರಿಸಲು ಠಾಣೆಯ ಬರಹಗಾರನಿಗೆ ಹೇಳಿದರು. 'ತಮಾಷೆಗೆ ಅಂದೆ' ಎಂಬುದಕ್ಕೆ ಮಾತ್ರ ಯಾವ ಕಾಯ್ದೆಯಲ್ಲೂ ಕಲಮಿರಲಿಲ್ಲ.

ಮರುದಿನ ಮಾರೇಶ ವಡ್ಡು ಎಂಬ ಊರಿನಲ್ಲಿ ಸಿಕ್ಕ. ದೊಡ್ಡಮ್ಮನ ಮನೆಯ ಹಿತ್ತಲಿನಲ್ಲಿ, ಒಣ ಮೆಕ್ಕೆಜೋಳದ ದಂಟಿನ ಬಣವೆಗೆ ಒರಗಿ ಕೂತಿದ್ದ. ಓಡಲಿಲ್ಲ. ಲಿಂಗರಾಜ್ ರಟ್ಟೆ ಹಿಡಿದಾಗ ತಾನೇ ಎದ್ದು ನಿಂತ.

"ಯಾಕಲೇ, ದಿನಾ ನಿನ್ನ ಕೈಯಿಂದ ತಿಂತಿತ್ತಲ್ಲೋ ಅದು!" ಭುವನೇಶ್ವರಿ ಗದರಿದರು.

"ಸಾಯತೈತಂತ ಗೊತ್ತಿರಲಿಲ್ರಿ ಮೇಡಂರ. ಹೆಂಗೂ ತಿರುಗಿ ಬೆಳಿತೈತಲ್ಲ ಅಂದ್ಕೊಂಡೆ." ಅವನು ಅಂಗೈಗಳನ್ನು ಅಂಗಿಗೆ ಒರೆಸಿಕೊಂಡ. "ಸಾರು ಮುಂದಿನ ತಿಂಗಳು ಪುಣೆಗೆ ಹೋಗ್ತಾರಂತ ಎರ್ರಿಯಪ್ಪ ಅಂದ. ಅವರು ಹೋದ್ರ ಯಾರ್ ಮಾಡ್ತಾರ್ರಿ? ಮಚ್ಚು ಹಾಕಿದ ಕೂಡ್ಲೇ ಅದು ಹೆಂಗ ಒದರಿತು ಅಂದ್ರ... ಒಂದು ಕಡದ ಮ್ಯಾಲೆ ನಿಲ್ಲಿಸಬೇಕಿತ್ರಿ. ನಿಲ್ಲಿಸಲಿಲ್ಲ."

ಬೈಯಲು ಭುವನೇಶ್ವರಿಯ ಬಾಯಿಗೆ ಬಂದಿದ್ದ ಮಾತು ಅಲ್ಲೇ ಉಳಿಯಿತು. ಅವನ ಮೇಲಿನ ಸಿಟ್ಟು ಕಡಿಮೆಯಾಗಿರಲಿಲ್ಲ, ಆದರೆ ಅದೀಗ ಅವನೊಬ್ಬನಿಗೇ ಸೇರಿದ ಸಿಟ್ಟಾಗಿ ಉಳಿದಿರಲಿಲ್ಲ. ಬಂಧನದ ಕಾರಣ ತಿಳಿಸಿ, ಸಹಿ ಹಾಕಿಸಿಕೊಂಡು ಜೀಪು ಹತ್ತಿಸಿದರು.

ಉಳಿದದ್ದನ್ನು ಅವನು ದಾರಿಯಲ್ಲಿ ಹೇಳಿದ. ಯಾರೂ ಕೇಳಿರಲಿಲ್ಲ. ಶಿಲ್ಪಶ್ರೀಯ ಕೈ ಗಾಣಕ್ಕೆ ಸಿಕ್ಕಾಗ ಎಂಜಿನಿನ ಹತ್ತಿರ ಇದ್ದವನು ಅವನೇ. ಅವಳು ಕೂಗಿದಳು. ಮೊಬೈಲಿನಲ್ಲಿ ಏನೋ ನೋಡುತ್ತಿದ್ದವನು, ದಿನದಂತೆ ಚೇಷ್ಟೆಗೆ ಕೂಗುತ್ತಿದ್ದಾಳೆ ಎಂದುಕೊಂಡ. ಎಂಜಿನ್ ನಿಲ್ಲಿಸುವಷ್ಟರಲ್ಲಿ ರಸದ ತೊಟ್ಟಿ ಕೆಂಪಾಗಿತ್ತು. ಅವಳು ಅದನ್ನು ಯಾರಿಗೂ ಹೇಳಲಿಲ್ಲ, ಮಾವನಿಗೂ ಹೇಳಲಿಲ್ಲ.

"ಬೈದಿದ್ರ ಚಲೋ ಇತ್ರಿ" ಎಂದ.

ಹೊಸಪೇಟೆಯ ನ್ಯಾಯಾಲಯದ ಪಡಸಾಲೆಯಲ್ಲಿ ಶಿಲ್ಪಶ್ರೀ ಕಾಯುತ್ತಿದ್ದಳು. ಅತ್ತ ಅಭಯ ತನ್ನ ವಕೀಲರೊಡನೆ ಪಿಸುಗುಡುತ್ತಿದ್ದ, ಅವಳು ಆ ಕಡೆ ತಿರುಗಿಯೂ ನೋಡಲಿಲ್ಲ. ನೇರ ಬಂದು ಗಂಡನ ಪಕ್ಕ ಬೆಂಚಿನ ಮೇಲೆ ಕೂತಳು. ಮಾರೇಶ ಮುಖ ಆ ಕಡೆ ಮಾಡಿದ. ಅವಳು ಎಡಗೈಯಿಂದ ಅವನ ಗದ್ದ ಹಿಡಿದು ಜೋರಾಗಿ ತನ್ನ ಕಡೆ ತಿರುಗಿಸಿ, ಮೊಂಡುಗೈಯನ್ನು ಅವನ ತೊಡೆಯ ಮೇಲಿಟ್ಟಳು.

"ನೋಡು" ಎಂದಳು. ಹಲ್ಲು ಕಚ್ಚಿಯೇ ಅಂದಳು. "ಒಂದು ದಿನಾನೂ ಇದನ್ನ ನೋಡಿಲ್ಲ ನೀನು. ಇದು ಬೆಳೆಯಂಗಿಲ್ಲ. ನೋಡು ಈಗ."

ಲಿಂಗರಾಜ್ ಅವಳನ್ನು ಎಬ್ಬಿಸಲು ಮುಂದೆ ಬಂದ. ಭುವನೇಶ್ವರಿ ಕಣ್ಣಿನಲ್ಲೇ ಬ್ಯಾಡ ಎಂದರು. ಒಳಗೆ ಕೇಸಿನ ನಂಬರು ಕೂಗುವವರೆಗೂ ಮಾರೇಶ ತಲೆ ಬಗ್ಗಿಸಿ ಆ ಕೈಯನ್ನೇ ನೋಡುತ್ತಿದ್ದ.