ಅಣ್ಣ ಕಟ್ಟಿದ ಸರ್ವರ್

"ಯಾರ್ ರೀ ಇದನ್ನ ಕಟ್ಟಿದ್ದು? ಗಂಟಿನ ಮೇಲೆ ಗಂಟು! ರಿಪೇರಿ ಮಾಡೋದಕ್ಕಿಂತ ಬೇರು ಸಮೇತ ಕಿತ್ತು ಹಾಕೋದೇ ವಾಸಿ!"

ಸರ್ವರ್ ಕೋಣೆಯ ಪರದೆ ನೋಡುತ್ತಾ ಆತ ನಕ್ಕೇಬಿಟ್ಟ. ಹೊಸ ಸಾಫ್ಟ್‌ವೇರ್ ಕಲಿಸಲು ಬಂದಿದ್ದ ತರಬೇತುದಾರ ಅವನು.

"ನಮ್ಮಣ್ಣ," ಎಂದಳು ಅವಳು.

"ಹಾಗಾದ್ರೆ ಕರೀರಿ ಅವರನ್ನ, ಒಂದು ಮಾತು ಕೇಳೋಣ..."

"ಅವನಿಲ್ಲ. ತೀರಿಕೊಂಡು ಹನ್ನೊಂದು ತಿಂಗಳಾಯ್ತು."

ಅವನ ಬೆರಳುಗಳು ಕೀಲಿಮಣೆಯ ಮೇಲೇ ನಿಂತುಹೋದವು.

"ಕ್ಷಮಿಸಿ... ನನಗೆ ಗೊತ್ತಿರಲಿಲ್ಲ."

"ಇರಲಿ ಬಿಡಿ. ಪಾಠ ಶುರು ಮಾಡಿ."

ಅವಳು ತನ್ನೊಳಗೆ ಒಮ್ಮೆ ತಡಕಾಡಿದಳು. ಸಿಟ್ಟಿರಲಿಲ್ಲ. ದುಃಖವೂ ಇರಲಿಲ್ಲ. ಚಳಿಗೆ ಮರಗಟ್ಟಿದ ಕಾಲನ್ನು ಚಿವುಟಿದರೆ ಹೇಗೋ, ಹಾಗೆ.

ಅದು ಕನ್ನಡಕದ ಗಾಜು ತಯಾರಿಸುವ ಕಾರ್ಖಾನೆ. ಇನ್ನೂರ ನಲವತ್ತು ಜನರ ಇಮೇಲ್, ಕ್ಯಾಲೆಂಡರ್, ಹಂಚಿಕೊಂಡ ಕಡತ, ಎಲ್ಲವೂ ಅಣ್ಣ ಒಬ್ಬನೇ ಕಟ್ಟಿ ನಿಲ್ಲಿಸಿದ್ದ ಸರ್ವರಿನಲ್ಲಿ ನಡೆಯುತ್ತಿದ್ದವು. ಅವನು ಹೋದ ಮೇಲೆ ಆ ಕೆಲಸವನ್ನು ಅವಳಿಗೆ ಕೊಟ್ಟಿದ್ದರು. ಅಂದಿನಿಂದ ಅಲ್ಲಿ ಅವಳಿಗೆ ಒಂದೇ ಹೆಸರು: 'ಅವರ ತಂಗಿ'.

"ತಿಂಗಳ ಕೊನೆಯೊಳಗೆ ಎಲ್ಲಾ ಹೊಸದಕ್ಕೆ ಹೋಗ್ಬೇಕು ಕಣಮ್ಮ," ಎಂದಿದ್ದರು ಮ್ಯಾನೇಜರ್. "ಆಗಲ್ಲ ಅಂದ್ರೆ ಈಗಲೇ ಹೇಳು, ಬೇರೆಯವರನ್ನ ತರ್ತೀವಿ."

ಅಣ್ಣ ಕಟ್ಟಿದ್ದನ್ನು ಅವಳ ಕೈಯಿಂದಲೇ ಕೆಡವಬೇಕಿತ್ತು!

ಅವಳು ಹೂಂ ಎಂದಿದ್ದಳು. ಎಲ್ಲದಕ್ಕೂ ಹಾಗೇ ಅನ್ನುತ್ತಿದ್ದಳು.

"ನಿನ್ನ ಮುಖಕ್ಕೆ ಯಾರೋ ಬೀಗ ಜಡಿದು ಕೀಲಿ ತಗೊಂಡು ಹೋದಂಗಿದೆ ಕಣೇ," ಎನ್ನುತ್ತಿದ್ದಳು ಅತ್ತಿಗೆ. ಗಂಡನನ್ನು ಕಳೆದುಕೊಂಡವಳು ಅವಳೇ ಆದರೂ ಅತ್ತು, ರೇಗಿ, ಮತ್ತೆ ನಗುವುದನ್ನು ಕಲಿತಿದ್ದಳು. "ನಾನು ಅತ್ತಿದ್ದು ಇಬ್ಬರ ಪಾಲೂ ಆಯ್ತೇನೋ..."

ಆತ ದಿನಾ ನಾಲ್ಕು ಗಂಟೆಗೆ ಬರುತ್ತಿದ್ದ. ಮೊದಲ ದಿನದ ನಗು ಮತ್ತೆ ಕಾಣಲಿಲ್ಲ. ತಾಳ್ಮೆಯಿಂದ ಕಲಿಸುತ್ತಿದ್ದ. ಹಳೆಯ ಸರ್ವರಿಗಾಗಿ ಅಣ್ಣ ಬರೆದಿದ್ದ ಸಾಲುಗಳ ಒಂದು ಪ್ರತಿಯನ್ನು ಓದಲು ಕೇಳಿದಾಗ ಅವಳು ಕೊಟ್ಟಳು.

"ನಮ್ಮದೊಂದು ಬಳಗ ಇದೆ, ಸೇರ್ಕೊಳ್ಳಿ. ಇದೇ ಸಾಫ್ಟ್‌ವೇರ್ ನೋಡ್ಕೊಳ್ಳೋ ಜನ. ಪುಸ್ತಕ ಅರ್ಧ ಕಲಿಸುತ್ತೆ. ಉಳಿದರ್ಧ ಕಲಿಯೋದು ಕೆಟ್ಟು ಕೂತಾಗ ಕೈ ಹಿಡಿಯೋರಿಂದ."

ಬಳಗದ ಆನ್‌ಲೈನ್ ವೇದಿಕೆ ಅಡ್ಡಹೆಸರು ಕೇಳಿತು. ತುಸು ಯೋಚಿಸಿ 'ಹೊಸಬಳು' ಎಂದು ಬರೆದಳು. ಮೊದಲ ಪ್ರಶ್ನೆಗೇ ಮೂರು ಉತ್ತರ ಬಂದವು. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬಾಕೆ ಬರೆದಿದ್ದಳು: 'ಬಾ ಹೊಸಬಳೇ, ನಾವೆಲ್ಲಾ ಒಂದಲ್ಲ ಒಂದು ದಿನ ಇಡೀ ಆಫೀಸಿನ ಇಮೇಲ್ ಅಳಿಸಿ ಬೈಸಿಕೊಂಡೋರೇ!'

ಅವಳ ತುಟಿಯಂಚು ಸ್ವಲ್ಪ ಅಲುಗಿತು. ಪಕ್ಕದಲ್ಲಿದ್ದ ಆತ ಅದನ್ನು ನೋಡಿದ. ನೋಡಿದ್ದು ಅವಳಿಗೂ ತಿಳಿಯಿತು.

'ನೋಡಿದರೆ ನೋಡಲಿ... ನನಗೇನು?'

ಆದರೂ ಮರುದಿನ ನಾಲ್ಕಾಗುವ ಮೊದಲೇ ಎರಡನೇ ಕುರ್ಚಿ ಒರೆಸಿಟ್ಟಳು.

ಶನಿವಾರ ಕಾಲೇಜೊಂದರ ತರಗತಿಯಲ್ಲಿ ಬಳಗದ ಸಭೆ. ಮೂವತ್ತು ಜನರಿದ್ದರು. ಎಲ್ಲರೂ ಅವನನ್ನು ಮೇಷ್ಟ್ರೇ ಎಂದು ಕರೆಯುತ್ತಿದ್ದರು. ಅವನು ಮಾತಿಗೆ ನಿಂತು ಪ್ರೊಜೆಕ್ಟರ್ ಹಾಕಿದ.

ಪರದೆಯ ಮೇಲೆ ಅಣ್ಣ ಬರೆದ ಸಾಲುಗಳು!

"ಇದೇನ್ ಮೇಷ್ಟ್ರೇ, ನೂಡಲ್ಸಾ?" ಎಂದು ಯಾರೋ ಕೂಗಿದರು. ಕೋಣೆಯೆಲ್ಲ ನಗು.

ಅವಳು ಚೀಲ ಹೆಗಲಿಗೇರಿಸಿ ಎದ್ದು ಹೊರಟಳು. ಹಿಂದಿನಿಂದ ಅವನ ಮಾತು ತಡವರಿಸಿದ್ದು ಕೇಳಿಸಿತು. ಅವಳು ತಿರುಗಿ ನೋಡಲಿಲ್ಲ.

'ಸತ್ತವನನ್ನು ಕರೆತಂದು ನಗಿಸೋಕೆ ನಿಲ್ಲಿಸಿದನಲ್ಲ... ಕೊಟ್ಟಿದ್ದು ನಾನೇ.'

ಮನೆಗೆ ಬಂದು ಅವನಿಗೆ ಒಂದೇ ಸಾಲು ಕಳಿಸಿದಳು: ಇನ್ನು ಪಾಠ ಬೇಡ. ಅವನಿಂದ ಬಂದ ಮೂರು ಸಂದೇಶಗಳನ್ನೂ ತೆರೆಯಲಿಲ್ಲ. ಒಂಬತ್ತು ದಿನ ಕೈಪಿಡಿ ಮುಂದಿಟ್ಟುಕೊಂಡು ಒಬ್ಬಳೇ ದುಡಿದಳು.

ಕಾರ್ಖಾನೆಗೆ ರಜೆಯಿದ್ದ ದಿನ ಬೆಳಿಗ್ಗೆ ಹೊಸ ಸಾಫ್ಟ್‌ವೇರ್‌ಗೆ ಸಾಗಣೆ ಶುರುವಾಯಿತು. ಇಮೇಲ್ ಹೋಯಿತು, ಕಡತಗಳೂ ಹೋದವು. ಕ್ಯಾಲೆಂಡರ್ ಮಾತ್ರ ಕೈಕೊಟ್ಟಿತು. ವಾರವಾರ ಮರುಕಳಿಸುವ ಪಾಳಿಗಳೆಲ್ಲ ಎರಡೆರಡಾಗಿ, ತಪ್ಪು ಗಂಟೆಗೆ ಹೋಗಿ ಕೂತಿದ್ದವು. ಹೀಗೇ ಬಿಟ್ಟರೆ ನಾಳೆ ಅರ್ಧ ಜನ ತಪ್ಪು ಪಾಳಿಗೆ ಬರುತ್ತಾರೆ. ಅವಳ ಕೆಲಸವೂ ಹೋಗುತ್ತದೆ.

ಭಯವಾಗಬೇಕಿತ್ತು. ಆಗಲಿಲ್ಲ. ವೇದಿಕೆಯಲ್ಲಿ ಬರೆದಳು: 'ಸಹಾಯ ಬೇಕು.'

ಎರಡು ನಿಮಿಷದಲ್ಲಿ ಬ್ಯಾಂಕಿನಾಕೆಯ ಫೋನ್.

"ಅಲ್ಲ ಕಣೇ, ಇದಕ್ಕೆ ಮದ್ದು ಮೇಷ್ಟ್ರ ಭಾಷಣದಲ್ಲೇ ಇತ್ತಲ್ಲ? ಓ... ನೀನು ನಡುವೆ ಎದ್ದು ಹೋದೆ ಅಲ್ವಾ! ವಿಡಿಯೊ ಕಳಿಸ್ತೀನಿ. ಪೂರ್ತಿ ನೋಡು ಮಾರಾಯ್ತಿ!"

ನಗು ಮುಗಿಯುವವರೆಗೆ ಅವಳು ಹಲ್ಲು ಕಚ್ಚಿ ನೋಡಿದಳು. ಆಮೇಲೆ ಅವನ ದನಿ ಕೇಳಿಸಿತು.

"ನಗಬೇಡಿ. ಮೊದಲ ದಿನ ನಾನೂ ನಕ್ಕಿದ್ದೆ, ಬರೆದವರ ತಂಗಿಯ ಎದುರಲ್ಲೇ. ಆಮೇಲೆ ಸಾಲುಸಾಲಾಗಿ ಓದಿದೆ. ನಾವು ಈಗ ಹೊಸದು ಅಂತ ಕಲೀತಿರೋದನ್ನ ಈ ಮನುಷ್ಯ ಒಬ್ಬನೇ ಕೂತು ವರ್ಷಗಳ ಹಿಂದೇನೇ ಮಾಡಿದ್ದಾನೆ. ಪ್ರತಿ ಗಂಟಿನ ಪಕ್ಕ ಅದನ್ನ ಬಿಚ್ಚೋದು ಹೇಗೆ ಅಂತಾನೂ ಬರೆದಿದ್ದಾನೆ. ಇದನ್ನ ನೋಡಿ..."

ಪರದೆಯ ಮೇಲೆ ಅಣ್ಣನ ಟಿಪ್ಪಣಿ: 'ಮುಂದೆ ಬರುವವರಿಗೆ: ಪಾಳಿಗಳನ್ನು ಮೊದಲು ಬಿಡಿಬಿಡಿಯಾಗಿಸಿ, ಆಮೇಲೆ ಸಾಗಿಸಿ. ಗಾಬರಿ ಬೇಡ. ಊಟ ಮಾಡಿ ಕೂತುಕೊಳ್ಳಿ.'

"ಅವರ ತಂಗಿ ಈಗಷ್ಟೇ ಎದ್ದು ಹೋದ್ರು," ಎಂದ ವಿಡಿಯೊದಲ್ಲಿನ ಮೇಷ್ಟ್ರು. ಅವನ ಮುಖ ಬಾಡಿತ್ತು. "ತೋರಿಸೋ ಮುಂಚೆ ಅವರನ್ನ ಕೇಳ್ಬೇಕಿತ್ತು, ಕೇಳಲಿಲ್ಲ. ತಪ್ಪು ನನ್ನದೇ."

ಊಟ ಮಾಡಿ ಕೂತುಕೊಳ್ಳಿ... ಅಣ್ಣ ಹಾಗೇ ಹೇಳುತ್ತಿದ್ದ. ಪರೀಕ್ಷೆಗೂ ಅದೇ ಮಾತು, ಜ್ವರಕ್ಕೂ ಅದೇ ಮಾತು!

ಅವಳು ಮೇಜಿನ ಮೇಲೆ ತಲೆಯಿಟ್ಟು ಹನ್ನೊಂದು ತಿಂಗಳ ಅಳುವನ್ನೆಲ್ಲ ಅತ್ತಳು.

ಆಮೇಲೆ ಮುಖ ತೊಳೆದು ಡಬ್ಬಿ ತೆರೆದು ಊಟ ಮಾಡಿದಳು. ಅಣ್ಣ ಹೇಳಿದಂತೆ ಪಾಳಿಗಳನ್ನು ಬಿಡಿಸಿದಳು. ಮೂರೂವರೆಯ ಹೊತ್ತಿಗೆ ಇನ್ನೂರ ನಲವತ್ತು ಕ್ಯಾಲೆಂಡರುಗಳೂ ಸರಿಯಾಗಿ ನಿಂತವು. ಹಳೆಯ ಸರ್ವರಿನ ಗುಂಡಿಯನ್ನು ತಾನೇ ಒತ್ತಿ ಆರಿಸಿದಳು.

ಬಾಗಿಲಲ್ಲಿ ಸದ್ದಾಯಿತು. ಅವನು ನಿಂತಿದ್ದ, ಏದುಸಿರು ಬಿಡುತ್ತಾ.

"ವೇದಿಕೇಲಿ ನೋಡ್ದೆ... ಒಳಗೆ ಬರಲಾ?"

"ಕೇಳೋದನ್ನ ಈಗ ಕಲಿತ್ರಾ?"

ಅವನು ತಲೆ ತಗ್ಗಿಸಿದ. "ಸ್ವಲ್ಪ ತಡವಾಯ್ತು."

"ಎಲ್ಲಾ ಮುಗೀತು. ನಿಮ್ಮ ಸಹಾಯ ಬೇಕಾಗಲಿಲ್ಲ... ಅಂದ್ರೆ, ಬೇಕಾಯ್ತು. ವಿಡಿಯೊ ನೋಡ್ದೆ."

"ಪಾಠದ ನೆಪ ಇನ್ನಿಲ್ಲ. ಅದಕ್ಕೇ ನೇರವಾಗಿ ಹೇಳ್ತೀನಿ. ನೀವಂದ್ರೆ ನನಗೆ ತುಂಬಾ ಇಷ್ಟ."

ಅವಳು ಆರಿದ ಸರ್ವರಿನ ಕಡೆ ತಿರುಗಿದಳು.

"ನನಗೆ ಏನೂ ಅನ್ನಿಸದೇ ಹನ್ನೊಂದು ತಿಂಗಳಾಗಿತ್ತು. ಇವತ್ತು ಅಳು ಬಂತು, ಅಷ್ಟೇ. ಉಳಿದಿದ್ದೆಲ್ಲಾ ಬರುತ್ತೋ ಇಲ್ವೋ, ಹೇಗೆ ಹೇಳ್ಲಿ?"

"ಹೇಳ್ಬೇಡಿ. ನನಗೇನೂ ಅವಸರ ಇಲ್ಲ."

"ಆದ್ರೆ... ಈ ಒಂಬತ್ತು ದಿನಾನೂ ನಾಲ್ಕು ಗಂಟೆ ಆದ್ರೆ ಬಾಗಿಲ ಕಡೆ ನೋಡ್ತಿದ್ದೆ. ಬೈಯೋಕೋ, ಬನ್ನಿ ಅನ್ನೋಕೋ ಗೊತ್ತಾಗ್ತಿರಲಿಲ್ಲ."

"ಈಗ ಗೊತ್ತಾಯ್ತಾ?"

ಅವಳು ಎರಡನೇ ಕುರ್ಚಿಯನ್ನು ತನ್ನ ಪಕ್ಕಕ್ಕೆ ಎಳೆದಳು.

"ಬನ್ನಿ. ಬೈಯೋದು ತುಂಬಾ ಇದೆ."

"ಎಷ್ಟು ಹೊತ್ತು ಹಿಡಿಯುತ್ತೆ?"

"ಹೊತ್ತಲ್ಲ ಮೇಷ್ಟ್ರೇ... ವರ್ಷಗಳೇ ಹಿಡಿಯುತ್ತೆ. ಕೂತ್ಕೊಳ್ಳಿ."