ನಾಗಕ್ಕನ ಫೋಟೊ ಅಳಿಸಿದ್ದು ಯಾರು?

“ನಮ್ಮ ಅಜ್ಜಿ ಎಲ್ಲಿ?”

ತನ್ನ ಮದುವೆಯ ಫೋಟೊ ಆರಿಸಲು ಹರಿಹರದಿಂದ ದಾವಣಗೆರೆಯ ಪಿ.ಜೆ. ಬಡಾವಣೆಯ ಸ್ಟುಡಿಯೊಗೆ ಬಂದಿದ್ದ ನಯನಾ ಗಾಬರಿಯಾದಳು. ಅಕ್ಷತೆ ಹಾಕಿ ಹರಸಿದ ಅಜ್ಜಿ ನಾಗಕ್ಕ ಮರುವಾರವೇ ತೀರಿಕೊಂಡಿದ್ದರು. ಅವರ ಕೊನೆಯ ಫೋಟೊ—ಮಾಯ!

ಮಾಲೀಕ ಕೊಟ್ಟೂರೇಶ್ ಕಂಪ್ಯೂಟರಿನಲ್ಲಿ ಅಳಿಸಿದ್ದೆಲ್ಲ ಹೋಗಿ ಬೀಳುವ ರೀಸೈಕಲ್ ಬಿನ್ ತೆರೆದ. ಅಜ್ಜಿ ಅಲ್ಲಿದ್ದರು. ಜೊತೆಗೆ ವಾಲಗದವರದೂ ಸೇರಿ ಇನ್ನೂ ಎಷ್ಟೋ ಒಳ್ಳೆಯ ಫೋಟೊಗಳು. ಯಾರೋ ಅಳಿಸಿದ್ದರು.

ಆ ಕಂಪ್ಯೂಟರ್ ಮುಟ್ಟುವವಳು ಒಬ್ಬಳೇ—ಎಡಿಟಿಂಗ್ ಮಾಡುವ ಆಶಾರಾಣಿ.

“ಮದುಮಗ ಬಕ್ಕೇಶಂಗೂ ನಿಂಗೂ ಮೊದ್ಲು ಮದುವೆ ಮಾತಾಗಿ ಮುರಿದಿತ್ತಲ್ಲ? ಆ ಸಿಟ್ಟಿಗಾ?” ಕೊಟ್ಟೂರೇಶ್ ಗದರಿದ. “ನಾಳೆಯಿಂದ ಬರಬ್ಯಾಡ!”

ಆಶಾರಾಣಿ ಪರದೆಯ ಕಡೆ ನೋಡಿದಳು. ತಾನು ಅಳಿಸಿದ್ದು ಕೆಟ್ಟ ಫೋಟೊಗಳನ್ನಷ್ಟೇ. ಅಲ್ಲವೇ? ಬಕ್ಕೇಶನ ಮುಖ ಕಂಡಾಗ ಎದೆ ಕಲಕಿದ್ದಂತೂ ಸುಳ್ಳಲ್ಲ. ಆ ಗಳಿಗೆಯಲ್ಲಿ ಕೈ ಏನಾದರೂ—?

“ನೀವೇ ಅಳಿಸಿದ್ರಾ?” ನಯನಾ ನೇರವಾಗಿ ಕೇಳಿದಳು.

“ಗೊತ್ತಿಲ್ರಿ. ನೆನಪಿಲ್ಲ. ಆದ್ರೆ ಇನ್ಯಾರು ಅಳಿಸ್ತಾರೆ?”

ತಪ್ಪು ಮಾಡಿದವರು ಹೀಗೆ ಹೇಳುತ್ತಾರೆಯೇ? ನಯನಾ ಕುರ್ಚಿ ಎಳೆದುಕೊಂಡಳು.

“ನನ್ನ ಮ್ಯಾಲೆ ಸಿಟ್ಟಿದ್ರೆ ವಾಲಗದವರ ಫೋಟೊ ಯಾಕ ಅಳಿಸಬೇಕು? ಹೋಗಿರೋ ಒಂದೊಂದರ ಹಿಂದಿನ ನಂಬರ್ ಫೋಟೊ ತೋರಿಸ್ರಿ.”

ಅಜ್ಜಿಯ ಹಿಂದಿನದು—ಕಣ್ಣು ಮುಚ್ಚಿದ ಮದುಮಗ. ವಾಲಗದವರ ಹಿಂದಿನದು—ಬರೀ ಮಸುಕು. ಎಲ್ಲವೂ ಹಾಗೆಯೇ—ಆಶಾರಾಣಿ ಬೇಕೆಂದೇ ಅಳಿಸಿದ ಕೆಟ್ಟ ಫೋಟೊಗಳು!

“ಈಗ ಇನ್ನೂ ಉಳಿದಿರೋ ಕೆಟ್ಟವನ್ನ ಅಳಿಸ್ರಿ. ಒಂದೊಂದಾಗಿ.”

ಆಶಾರಾಣಿ ಪರದೆಯ ಡಿಲೀಟ್ ಗುರುತನ್ನು ಒತ್ತಿದಳು. ಒಂದೇ ಹೋಯಿತು. ಮತ್ತೆ ಒತ್ತಿದಳು. ಒಂದೇ. ಕೊಟ್ಟೂರೇಶ್ ಮೂಗು ಮುರಿದ. ಮತ್ತೊಮ್ಮೆ—ಎರಡು ಹೋದವು!

“ಇದೇ ಕಳ್ಳ!” ನಯನಾ ಮೌಸ್ ಎತ್ತಿ ಹಿಡಿದಳು. “ಎಡಗಡೆ ಬಟನ್ ಸವೆದೈತೆ. ಒಮ್ಮೆ ಒತ್ತಿದ್ರೂ ಒಂದೊಂದ್ಸಲ ಎರಡು ಕ್ಲಿಕ್ ಆಗ್ತೈತೆ. ಕೆಟ್ಟ ಫೋಟೊ ಹೋದ ಕೂಡ್ಲೆ ಆ ಜಾಗಕ್ಕೆ ಮುಂದಿಂದು ಬರ್ತೈತೆ. ಎರಡನೇ ಕ್ಲಿಕ್ಕಿಗೆ ಅದೂ ಹೋಗ್ತೈತೆ. ಇವರದೇನೂ ತಪ್ಪಿಲ್ಲ.”

ಅವಳೇ ಸಣ್ಣದೊಂದು ಸಾಫ್ಟ್‌ವೇರ್ ಹಾಕಿಕೊಟ್ಟಳು. ಒಂದು ಕ್ಲಿಕ್ಕಿನ ಬೆನ್ನಿಗೇ, ಮನುಷ್ಯರ ಬೆರಳಿಗೆ ಆಗದಷ್ಟು ಬೇಗ ಬರುವ ಇನ್ನೊಂದನ್ನು ಅದು ತಡೆಯುತ್ತಿತ್ತು. ಆಶಾರಾಣಿ ಒತ್ತುತ್ತಲೇ ಹೋದಳು. ಪ್ರತಿ ಸಲ ಒಂದೇ ಹೋಯಿತು; ಮುಂದಿನ ಫೋಟೊ ಕದಲಲಿಲ್ಲ.

“ತಪ್ಪಾತವ್ವ. ನಾಳೆ ಬಾ,” ಎಂದು ಕೊಟ್ಟೂರೇಶ್ ಗೊಣಗಿದ.

ಆಶಾರಾಣಿ ನಾಗಕ್ಕನ ಫೋಟೊವನ್ನು ವಾಪಸು ತಂದು ಪರದೆಯ ತುಂಬ ತೆರೆದಳು. ಅಷ್ಟು ಹೊತ್ತು ಪೊಲೀಸರ ಹಾಗೆ ಪ್ರಶ್ನೆ ಕೇಳಿದ ನಯನಾ ಮುಖ ಮುಚ್ಚಿಕೊಂಡು ಬಿಕ್ಕಿದಳು. ಆಶಾರಾಣಿ ಅವಳ ಬೆನ್ನ ಮೇಲೆ ಕೈಯಿಟ್ಟಳು.