ಸಿಗಡಿಯ ಹಿಂದಿನ ಕಪಾಟು

ಕಪಾಟಿನ ಬಾಗಿಲು ತೆರೆದು ನೋಡಿದರೆ, ಗುಳಿಗೆಯ ಡಬ್ಬಿ ಇರಲಿಲ್ಲ!

"ಮುಂಜಾನೆ ನಾನೇ ಇಟ್ಟಿದ್ದೆ," ಎಂದರು ಡಾಕ್ಟರ್ ರತ್ನಾಬಾಯಿ. ಹೈದರಾಬಾದಿನ ವಿಶ್ವವಿದ್ಯಾಲಯದಿಂದ ಸುರಪುರಕ್ಕೆ ಬಂದು, ಹಳೆಯ ಚಾವಡಿಯಲ್ಲಿ ತಳವೂರಿದ್ದ ಅವರದು ಸ್ಪರ್ಶದ ಸಂಶೋಧನೆ. ಚರ್ಮಕ್ಕೆ ತಾಗಿದ್ದು ನರ ಹಿಡಿದು ಮಿದುಳಿಗೆ ಹೇಗೆ ಮುಟ್ಟುತ್ತದೆ, ಕೆಲವರಲ್ಲಿ ಯಾಕೆ ಮುಟ್ಟುವುದಿಲ್ಲ? ಜನ ಕಟ್ಟೆಯ ಮೇಲೆ ಸಾಲಾಗಿ ಕೂತು, ಕಣ್ಣು ಮುಚ್ಚಿ, ಅರಳೆ ತಾಗಿತೋ ಇಲ್ಲವೋ ಹೇಳುತ್ತಿದ್ದರು. ಕುಷ್ಠದಿಂದ ಜೋಮು ಹಿಡಿದವರಿಗೆಂದು ತಂದ ಹೊಸ ಗುಳಿಗೆ ಆ ಡಬ್ಬಿಯಲ್ಲಿತ್ತು.

ಪೊಲೀಸ್ ಅಮೀನ ಮರಿಲಿಂಗಪ್ಪ ಓಡಿ ಬಂದ. ನಿಜಾಮನ ಸರ್ಕಾರ ಹೋಗಿ ಅವನ ಟೋಪಿಯ ಬಿಲ್ಲೆ ಬದಲಾಗಿತ್ತು. ಹಳೇ ಅಮೀನನೂ ಕೆಲಸಕ್ಕೆ ಬರುತ್ತಾನೆಂದು ಊರಿಗೆಲ್ಲ ತೋರಿಸಬೇಕೆಂಬ ಹುಕಿ ಅವನಿಗೆ. ಆ ಹುಕಿಯೇ ಕೆಟ್ಟದ್ದು.

"ಕೀಲಿ ಯಾಕ ಹಾಕಿದ್ದಿಲ್ರಿ?"

"ಮುಂದ ಬೆಂಕಿ ಇತ್ತಲ್ರಿ!"

ನಿಜ. ಕಪಾಟಿಗೆ ಒತ್ತಿಕೊಂಡೇ ಕಬ್ಬಿಣದ ಸಿಗಡಿ, ನಿಗಿನಿಗಿ ಕೆಂಡ, ಮೇಲೆ ಸೂಜಿ ಕುದಿಸುವ ಪಾತ್ರೆ. ಸಿಗಡಿ ಸರಿಸದೆ ಬಾಗಿಲು ತೆರೆಯದು. ಅದರ ಹಿಡಿಕೆ ಅರಿವೆಯಲ್ಲಿ ಹಿಡಿದರೂ ಸುಡುವಷ್ಟು ಕಾದಿತ್ತು; ಸರಿಸುವ ಇಕ್ಕಳ ಹೊರಗೆ ಡಾಕ್ಟರರ ಬಳಿಯೇ ಇತ್ತು.

ಒಳಗೆ ಹೋಗಿಬಂದವರು ಮೂವರು— ಕಂಪೌಂಡರ್ ಅಂಬ್ರಪ್ಪ, ಅಡುಗೆಯ ಲಾಲಪ್ಪ, ಜನರನ್ನು ಸಾಲಿಗೆ ಕೂಡಿಸುವ ಜವಾನ ಹುಲಗಪ್ಪ.

"ಲಾಲಪ್ಪ, ಬೆಂಕಿ ಜೋಡಿ ನಿಂದೇ ದೋಸ್ತಿ. ನೀನೇ ಏನು?"

"ಯಪ್ಪಾ! ಕಾದ ಕಬ್ಬಿಣ ಹಿಡಿಯಾಕ ನಾ ಏನು ದೆವ್ವ ಅದೀನೇನ್ರಿ?"

"ಅಂಬ್ರಪ್ಪ?"

"ಬೇಕಂದ್ರ ಡಾಕ್ಟರ್ ಬಾಯಿಯವರನ್ನ ಕೇಳ್ತಿದ್ದೆ. ಕಳವು ಯಾಕ ಮಾಡ್ಲಿ?"

"ಹುಲಗಪ್ಪ, ನೀನು?"

"ಇದ್ದಿಲು ಹಾಕಾಕ ಒಮ್ಮೆ ಹೋಗಿದ್ದೆ, ಅಷ್ಟರಿ. ನಮ್ಮ ಬೀಗರಾಗೋರು ಬಂದಾರ, ಅವರ ಜೋಡಿ ಮಾತಾಡಾಕತ್ತಿದ್ದೆ."

ಬೀಗರಾಗುವವನು ಕಕ್ಕೇರಾದ ವೆಂಕಪ್ಪ. ತಪಾಸಣೆಗೆಂದು ಬಂದು ಕಟ್ಟೆಯ ಮೇಲೆ ಕೂತಿದ್ದವನು ಹೌದೆಂದು ತಲೆಯಾಡಿಸಿದ. ಅವನ ಮಗನಿಗೂ ಹುಲಗಪ್ಪನ ಮಗಳು ದುರಗಮ್ಮನಿಗೂ ಮುಂದಿನ ವಾರ ಮದುವೆಯ ಅಕ್ಕಿಕಾಳು ಬೀಳುವುದಿತ್ತು.

ಮರಿಲಿಂಗಪ್ಪ ತಲೆ ಕೆರೆದುಕೊಂಡು ಚಹಾ ತರಿಸಿದ. ಹಿತ್ತಾಳೆ ಲೋಟ, ಕುದಿಕುದಿ ಚಹಾ. ಅಂಬ್ರಪ್ಪ ಧೋತರದ ಚುಂಗಿನಲ್ಲಿ ಹಿಡಿದ, ಲಾಲಪ್ಪ ಟವೆಲಿನಲ್ಲಿ. ಹುಲಗಪ್ಪ ಅಂಗೈ ತುಂಬ ಲೋಟ ಹಿಡಿದು ಬೀಗರ ಜೊತೆ ಮದುವೆಯ ಮಾತಾಡಿದ. ಅಮೀನ ಮಾತ್ರ ಕೈಯಿಂದ ಕೈಗೆ ಬದಲಿಸುತ್ತ ಊದಿದ— ಊದುತ್ತಿದ್ದವನು ತಟ್ಟನೆ ನಿಲ್ಲಿಸಿದ.

"ಸಿಕ್ಕಾನ್ರಿ ಕಳ್ಳ!" ಕಟ್ಟೆಯ ಮಂದಿಗೆಲ್ಲ ಕೇಳುವಂತೆ ಕೂಗಿದ. "ಸಿಗಡಿ ಸರಿಸ್ಯಾನ, ಮತ್ತ ಜಾಗಕ್ಕ ಇಟ್ಟಾನ. ಆದ್ರ 'ಹಾ' ಅಂದಿಲ್ಲ! ಅಂದ್ರ ಅವನ ಕೈಗೆ ಬಿಸಿ ಗೊತ್ತಾಗಂಗಿಲ್ಲ. ಈಗ ನೋಡಿದ್ರಿಲ್ಲೋ? ಮೂವರೊಳಗ ಅರಿವಿ ಇಲ್ಲದಂಗ ಲೋಟ ಹಿಡಿದವ ಒಬ್ಬನೇ. ಹುಲಗಪ್ಪ, ಅಂಗೈ ತೋರ್ಸು!"

ಎರಡೂ ಅಂಗೈಯಲ್ಲಿ ಸಿಗಡಿಯ ಹಿಡಿಕೆಯ ಬರೆ, ಉಬ್ಬಿದ ಬೊಕ್ಕೆ. ಎಲ್ಲರಿಗಿಂತ ಹೆಚ್ಚು ಬೆರಗಾದವನು ಹುಲಗಪ್ಪನೇ.

"ಇದು ಯಾವಾಗ ಆತು?" ಎಂದ ತನ್ನ ಕೈ ನೋಡಿಕೊಳ್ಳುತ್ತ. ಆಮೇಲೆ ರುಮಾಲು ಬಿಚ್ಚಿ ಡಬ್ಬಿ ಕೆಳಗಿಟ್ಟ. "ಸಾಲಿನ್ಯಾಗ ಕುಂತ್ರ, ಅರಳಿ ತಾಗಲಿಲ್ಲ ಅಂತ ಎಲ್ಲಾರ ಮುಂದ ಹೇಳಬೇಕಿತ್ರಿ. ಮಗಳ ಅಕ್ಕಿಕಾಳು ಬೀಳಲಿ, ಆಮ್ಯಾಲ ಹೇಳೋಣ ಅಂದ್ಕೊಂಡಿದ್ದೆ."

ಮರಿಲಿಂಗಪ್ಪ ಟೋಪಿ ತೆಗೆದು ಕೆಳಗಿಟ್ಟ. ಒಳಗೆ ಕರೆದು ಮೆಲ್ಲಗೆ ಕೇಳಬಹುದಿತ್ತಲ್ಲ! ಡಬ್ಬಿ ಸಿಕ್ಕಿದ್ದರೆ ಸಾಕಿತ್ತು. ಛೇ, ಎಂಥ ಕೆಲಸ ಮಾಡಿಬಿಟ್ಟೆ!

ರತ್ನಾಬಾಯಿ ಹುಲಗಪ್ಪನ ಎರಡೂ ಕೈ ಹಿಡಿದುಕೊಂಡರು. "ಈ ಗುಳಿಗಿ ತಂದದ್ದೇ ನಿನ್ನಂಥವರಿಗೆ, ಹುಚ್ಚಪ್ಪಾ. ಇದು ವಾಸಿ ಆಗೋ ಬ್ಯಾನಿ. ಹಿಂಗ ಕೈ ಹಿಡಿದ್ರ ಯಾರಿಗೂ ಬರಂಗಿಲ್ಲ. ಕೇಳ್ರಿ ವೆಂಕಪ್ಪನೋರ, ಹುಡುಗಿಗೆ ಏನೂ—"

ಕಟ್ಟೆ ಖಾಲಿಯಾಗಿತ್ತು. ಮರಿಲಿಂಗಪ್ಪ ಟೋಪಿ ಬಿಟ್ಟೇ ಹೊರಗೆ ಓಡಿದ. ಕಕ್ಕೇರಾದ ಬಂಡಿ ಊರ ಅಗಸಿ ಬಾಗಿಲು ದಾಟುತ್ತಿತ್ತು.

"ನಿಂದರ್ರಿ ವೆಂಕಪ್ಪನೋರ! ತಪ್ಪು ನಂದ್ರಿ! ಡಾಕ್ಟರ್ ಮಾತು ಒಂದ್ ಕೇಳಿ ಹೋಗ್ರಿ!"

ವೆಂಕಪ್ಪ ಹಿಂತಿರುಗಿ ನೋಡಲಿಲ್ಲ.